ಹಿಮ್ಮೇಳಕ್ಕೆ ನಿಲ್ಲುತ್ತೇನೆ ಎಂದಿದ್ದ ನಮ್ಮ ದಸ್ತಗೀರ

ಇಲ್ಲ... ನಂಬಲು ಆಗುತ್ತಿಲ್ಲ...
ನಮ್ಮ ದಸ್ತಗೀರ ಹೋಗಿಬಿಟ್ಟ.

ಬೆಳಿಗ್ಗೆ ಡ್ರಮ್ಮರ್ ಮಹಾಂತೇಶ ಫೋನ್ ಮಾಡಿ ಹೇಳಿದಾಗ ನಾನು ಅವನಿಗೇ ಬೈದೆ.
"ಎದ್ದಕೂಡ್ಲೆ ಏನ್ ಚೇಷ್ಟಿ ಹಚ್ಚೀಯೋ?" ಅಂದೆ.
ಆ ಕಡೆ ಅವನು ಅಳುತ್ತಿದ್ದ...
ನಿದ್ದೆಯಲ್ಲೇ ಹಾರ್ಟ್ ಅಟ್ಯಾಕ್ ಅಂತೆ...

ಮಣ್ಣು ಕೊಟ್ಟಾಯಿತು. ರಾಯಬಾಗದಿಂದ ಕಾಗವಾಡಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.
ಅಳಬೇಕು, ಗೊತ್ತು... ಆದರೆ ಅವನನ್ನು ನೆನೆದರೆ ನಗುವೇ ಮೊದಲು ಬರುತ್ತದೆ. ಏನು ಮಾಡಲಿ!

ಅವನನ್ನು ಅರಿಯದವರಿಗೆ...
ದಸ್ತಗೀರ ರಾಯಬಾಗದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ.
ಸಂಜೆಯಾದರೆ ನಮ್ಮ ಫೋಕ್-ರಾಕ್ ಬ್ಯಾಂಡ್ 'ಗಡಿಮಂದಿ'ಯ ಹಾಡುಗಾರ.
ಮಹಾಂತೇಶನದು ಡ್ರಮ್ಸ್, ನನ್ನದು ಗಿಟಾರ್. ಹಿಮ್ಮೇಳವೂ ನಾವಿಬ್ಬರೇ.

ನಾವು ಹಾಡುವ ಪದ್ಧತಿ ಹೀಗೆ... ಮುಂದೆ ನಿಂತವನು ಸಾಲಿನ ಕೊನೆಯ ಮಾತನ್ನು ಹಾಡದೆ ಬಿಡುತ್ತಾನೆ. ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ.
ಅವನು "ಹೊಳಿ ದಾಟಿ ಬಂದೀನಿ, ಬಾಗಲಾ..." ಅಂತ ಬಿಟ್ಟರೆ,
ನಾವು "ತೆಗಿಯೇ!" ಅನ್ನಬೇಕು.
ಆ ಒಂದು ಮಾತನ್ನು ನಾವು ಎಳೆದು ಮುಗಿಸುವಷ್ಟರಲ್ಲಿ ಅವನು ಬೆವರು ಒರೆಸಿ, ನೀರು ಕುಡಿದು, ಎದುರಿಗೆ ಕೂತ ಯಾವನೋ ಗೆಳೆಯನಿಗೆ ಕಣ್ಣು ಹೊಡೆದು... ರೆಡಿ!

ಆಮೇಲೆ ಸೋಲೋ ಆದ.
ಜಗಳ ಆಡಿ ಅಲ್ಲ ಮತ್ತೆ! ಅವನ ದನಿಯೊಂದೇ ಸಾಕು ಎಂದು ಕರೆಯುವವರು ಬಂದರು. ಹೋಗು ಎಂದು ನಾವೇ ದಬ್ಬಿದೆವು.
ಅಂದಿನಿಂದ ನಿಮ್ಮ ಕಾಮೆಂಟುಗಳಲ್ಲಿ ಅದೇ ಗಲಾಟೆ...
ಬ್ಯಾಂಡಿನಲ್ಲೇ ಚೆನ್ನಾಗಿದ್ದನಾ? ಸೋಲೋನೇ ಬೆಸ್ಟಾ?
ಚಿಕ್ಕೋಡಿಯವರದು ಒಂದು ಪಾರ್ಟಿ, ಅಥಣಿಯವರದು ಇನ್ನೊಂದು!

ಅವನ ಮೊದಲ ಸೋಲೋ ಶೋ ಆದದ್ದು ಅಥಣಿಯಲ್ಲೇ. ನಾನೂ ಮಹಾಂತೇಶನೂ ಜನರ ನಡುವೆ ಕೂತಿದ್ದೆವು.
ಲ್ಯಾಪ್‌ಟಾಪಿನಿಂದ ಮ್ಯೂಸಿಕ್ಕು. ಇವನು ಮೊದಲ ಸಾಲು ಹಾಡಿದ.
"ಬಾಗಲಾ..." ಅಂತ ಬಿಟ್ಟ.
ರೂಢಿಯಂತೆ ಎಡಕ್ಕೆ, ನಾನು ನಿಲ್ಲುವ ಕಡೆ ತಿರುಗಿದ...
ಅಲ್ಲಿ ಸ್ಪೀಕರ್ ಡಬ್ಬಿ!
ಲ್ಯಾಪ್‌ಟಾಪು ಯಾರಿಗಾಗಿ ಕಾಯುತ್ತದೆ? ಟ್ರ್ಯಾಕ್ ಓಡುತ್ತಲೇ ಇತ್ತು. ಇವನು ಬಾಯಿ ತೆರೆದು ನಿಂತೇ ಇದ್ದ.
ಮುಂದೆ ಕೂತಿದ್ದ ಅಜ್ಜಿಯೊಬ್ಬಳು, "ಯಾಕ್ ನಿಂತ್ಯೋ ತಮ್ಮಾ? ಹಾಡ!" ಎಂದಳು.
ಇವನು ಮೈಕಿನಲ್ಲೇ, "ನನ್ನ ಹಿಂದಿನ ಮಂದಿ ಕೆಳಗ ಕುಂತೈತ್ರಿ ಆಯಿ. ಇವತ್ತ ನೀವ ಹಾಡ್ರಿ!" ಎಂದ.
ಅಜ್ಜಿ "ತೆಗಿಯೇ!" ಎಂದಳು. ಮರುಸಾಲಿಗೆ ಇಡೀ ಮೈದಾನ "ತೆಗಿಯೇ!" ಎಂದಿತು...
ನನ್ನ ಮೈಮೇಲೆ ಮುಳ್ಳೆದ್ದಿತು.

ಅಲ್ಲಿಂದ ಅವನ ಪ್ರತಿ ಶೋನಲ್ಲೂ ಜನರೇ ಹಿಮ್ಮೇಳ. ಎಷ್ಟು ಬೆಳೆದ ನೋಡಿ!
ನಮಗೂ ಒಳ್ಳೆಯದೇ ಆಯಿತು. ಅವನ ದನಿಯ ಹಿಂದೆ ಅಡಗಿಕೊಳ್ಳುತ್ತಿದ್ದ ನನ್ನ ಗಿಟಾರು ಮುಂದೆ ಬಂತು. ಮಹಾಂತೇಶ ಈಗ ಎರಡು ಕೈಯಲ್ಲಿ ನಾಲ್ಕು ಜನರ ಕೆಲಸ ಮಾಡುತ್ತಾನೆ.
ಹಾಗಾದರೆ ಸೋಲೋನೇ ಸರಿಯಾ?
ಚಿಕ್ಕೋಡಿಯ ಹುಡುಗಿಯೊಬ್ಬಳು ಲೈವ್‌ನಲ್ಲಿ ಅವನನ್ನೇ ಕೇಳಿದ್ದಳು. ಅವನು ತಲೆ ಕೆರೆದುಕೊಂಡು, "ಒಬ್ಬನ ಹಾಡಿದ್ರ ಛಲೋ ಹಾಡ್ತೀನ್ರಿ. ಆದರ ಹಾಡ ಮುಗದ ಮ್ಯಾಲ ಜಗಳಾಡಾಕ ಯಾರೂ ಇರಂಗಿಲ್ಲ. ಭಾಳ ಬ್ಯಾಸರ ನೋಡ್ರಿ!" ಎಂದ.

ದಸ್ತಗೀರ... ಏ ದಸ್ತಗೀರ, ಕೇಳಿಸುತ್ತಿದೆಯಾ?
ಈ ಭಾನುವಾರ ನಿಪ್ಪಾಣಿಯಲ್ಲಿ ಮೂವರೂ ಮತ್ತೆ ಒಂದೇ ಸ್ಟೇಜ್ ಹತ್ತಬೇಕಿತ್ತಲ್ಲೋ...
ನೀನೇ ಕುದುರಿಸಿದ ಪ್ರೋಗ್ರಾಮು. ಜೊತೆಗೆ ನಿನ್ನದೊಂದು ಹಟ.
"ವೈಶೂ, ಈ ಸಲ ನೀ ಮುಂದ ಹಾಡ. ನಾ ಹಿಂದ ನಿಲ್ತೀನಿ."
ನಾನು ಒಪ್ಪಲಿಲ್ಲ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ ಆಡಿ ಬೆಳೆದವಳು ನಾನು. ಹಿಂದೆ ನಿಂತು ಕೂಗುವುದು ಬೇರೆ, ಮುಂದೆ ನಿಂತು ಹಾಡುವುದು ಬೇರೆ. ಉಚ್ಚಾರ ಎಲ್ಲಿ ತಪ್ಪುತ್ತದೋ ಎಂಬ ಭಯ.
"ಮಂದಿ ನಿನ್ನ ಕೇಳಾಕ ಬರ್ತಾರೋ, ನನ್ನಲ್ಲ" ಎಂದೆ.
"ಮಂದಿ ಇರ್ಲಿ ಬಿಡ. ನಿನ್ನ ಕೇಳಾಕ ನಾ ಬರಾಕತ್ತೀನಿ" ಎಂದೆ ನೀನು.
ನಿನ್ನೆಯೂ ಅದೇ ಜಗಳ. ನಾಳೆ ಹೇಳುತ್ತೇನೆ ಎಂದು ನಾನು ಫೋನ್ ಇಟ್ಟೆ...

ಗೆಳೆಯರೇ, ಇವತ್ತು ಅವನ ಮನೆಯಲ್ಲಿ ಅವನ ಹೆಂಡತಿ ಶಾಹೀನ್ ಭಾಭಿಯ ಪಕ್ಕ ಕೂತಿದ್ದೆ.
ನಿಪ್ಪಾಣಿಯದನ್ನು ಕ್ಯಾನ್ಸಲ್ ಮಾಡುತ್ತೇವೆ ಎಂದೆ.
ಭಾಭಿ ತಟ್ಟನೆ ತಲೆ ಎತ್ತಿದರು.
"ಕ್ಯಾನ್ಸಲ್ ಯಾಕ? ವಾರದಿಂದ ಮನ್ಯಾಗ ಹಿಮ್ಮೇಳದ ಪ್ರ್ಯಾಕ್ಟೀಸ್ ನಡದಿತ್ತು. 'ಚಾ ಆರಾಕತ್ತೈತಿ, ಕುಡೀರಿ' ಅಂದ್ರ, ನನ್ನ ಹಿಂದ ನಿಂತು 'ಕುಡೀರೀ...' ಅಂತ ಎಳೀತಿದ್ರು. 'ಕರೆಂಟ್ ಬಂತು' ಅಂದ್ರ 'ಬಂತೂ...' ಅಂತಿದ್ರು. ತಲಿ ಕೆಟ್ಟ ಹೋಗಿತ್ತ ನನಗ!"
ಅಷ್ಟು ಜನರ ನಡುವೆ ನಾವಿಬ್ಬರೂ ನಕ್ಕುಬಿಟ್ಟೆವು.
ಊರೂರು ಮೆರೆದ ಹಾಡುಗಾರ... ನನ್ನ ಹಿಂದೆ ನಿಲ್ಲುವುದಕ್ಕೆ ಪ್ರ್ಯಾಕ್ಟೀಸ್ ಮಾಡುತ್ತಿದ್ದನಂತೆ!

ಭಾಭಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.
"ಆದರ ಒಂದ ದಿನಾನೂ ಬರೋಬರಿ ಬರಲಿಲ್ಲವ್ವಾ. ನಾ ಮಾತ ಮುಗಿಸೋದರಾಗ ಅವಸರ ಮಾಡಿ ತಾವ ಮುಂದ ಹೋಗ್ತಿದ್ರು... ಈಗೂ ಹಂಗ ಮಾಡ್ಯಾರ."

ನಾನು ಅವರ ಕೈ ಹಿಡಿದುಕೊಂಡೆ.
"ಕ್ಯಾನ್ಸಲ್ ಇಲ್ರಿ ಭಾಭಿ. ಭಾನುವಾರ ನಾ ಮುಂದ ನಿಂತ ಹಾಡ್ತೀನಿ."

ನಿನಗೆ ಹೇಳಬೇಕಿದ್ದ ಮಾತು ಕಣೋ ಅದು. ಒಂದು ದಿನ ತಡವಾಯಿತು...

ಮಣ್ಣು ನಿನಗೆ ಮೆತ್ತಗಿರಲಿ, ಗೆಳೆಯಾ.
ಆ ಮೇಲಿನವನು ನಿನ್ನ ಜೀವವನ್ನು ತಂಪಾಗಿಡಲಿ...
ಹೋಗಿ ಬಾ.