ಹೊಟ್ಟೆಕಿಚ್ಚಿನ ಕ್ಷೌರಿಕ

ನಮ್ಮ ಬೀದಿಯ ಕ್ಷೌರಿಕನಷ್ಟು ಹೊಟ್ಟೆಕಿಚ್ಚಿನ ಮನುಷ್ಯನನ್ನು ನಾನು ಕಂಡಿಲ್ಲ. ಜನ ಬೇರೆಯವರ ಮನೆ, ಒಡವೆ ನೋಡಿ ಕರುಬುತ್ತಾರೆ. ಇವನು ಗೋಡೆಗೆ ಮುಖ ಮಾಡಿ ಉಚ್ಚೆ ಹೊಯ್ಯುವವರನ್ನು ನೋಡಿ ಕರುಬುತ್ತಿದ್ದ.

ಏಣಿಯಿಂದ ಬಿದ್ದು ಬೆನ್ನಿನ ನರಕ್ಕೆ ಪೆಟ್ಟಾದ ಮೇಲೆ ಅವನ ಮೂತ್ರಕೋಶ ತಾನಾಗಿ ಖಾಲಿಯಾಗುತ್ತಿರಲಿಲ್ಲ. ಕೆಲವು ಗಂಟೆಗೊಮ್ಮೆ ತೆಳ್ಳನೆಯ ನಳಿಕೆಯೊಂದನ್ನು ತಾನೇ ಒಳಕ್ಕೆ ಸೇರಿಸಿ ಮೂತ್ರ ಹೊರಗೆ ಬಿಡಬೇಕು. ಆಮೇಲೆ ನಳಿಕೆಯನ್ನು ಸೋಪಿನಲ್ಲಿ ತೊಳೆದು ಒಣಗಿಸಬೇಕು. ಆಸ್ಪತ್ರೆಯ ನರ್ಸ್ ಹೇಳಿಕೊಟ್ಟದ್ದನ್ನು ಬೇಗ ಕಲಿತ. ಕತ್ತಿ ಹಿಡಿದು ಪಳಗಿದ ಕೈಯಲ್ಲವೇ!

ಅವನ ಸಂಕಟ ನಳಿಕೆಯದಲ್ಲ, ಭಾವಮೈದನದು. ಅಂಗಡಿಯ ಎರಡನೆಯ ಕುರ್ಚಿ ಹೆಂಡತಿಯ ತಮ್ಮನದು. ತಾನು ಹಿಂದಿನ ಕೋಣೆಗೆ ಹೋಗಿ ಬರುವಷ್ಟರಲ್ಲಿ ಗಿರಾಕಿಗಳೆಲ್ಲ ಆ ಕುರ್ಚಿಯ ಪಾಲಾಗುತ್ತಾರೆಂದು ಇವನ ಭಯ.

"ಅವನು ಹೋಗಿದ್ದೂ ಗೊತ್ತಾಗಲ್ಲ, ಬಂದಿದ್ದೂ ಗೊತ್ತಾಗಲ್ಲ. ಲೋಟಗಟ್ಟಲೆ ಟೀ ಬೇರೆ ಕುಡೀತಾನೆ!" ಎಂದು ಮನೆಯಲ್ಲಿ ಕುದಿಯುತ್ತಿದ್ದ.

"ನನ್ನ ತಮ್ಮ ಉಚ್ಚೆ ಹೊಯ್ದರೂ ತಪ್ಪಾ ನಿಮಗೆ?" ಎನ್ನುತ್ತಿದ್ದಳು ಹೆಂಡತಿ.

ಹೊತ್ತು ಉಳಿಸಲು ಒಂದು ಉಪಾಯ ಹೂಡಿದ. ಸೋಪು ಬಿಟ್ಟು, ಬಾಚಣಿಗೆ ನೆನೆಹಾಕುವ ಜಾಡಿಯ ಔಷಧದಲ್ಲೇ ನಳಿಕೆಯನ್ನೂ ಅದ್ದಿಟ್ಟ. ಬಾಚಣಿಗೆ ಶುದ್ಧವಾಗುವುದಾದರೆ ನಳಿಕೆ ಏಕಾಗದು? ಹಾಗೆಯೇ ತೆಗೆದು ಒಳಗೆ ಸೇರಿಸಿದ, ಬೆಂಕಿ ಇಟ್ಟಂತಾಯಿತು. ರಕ್ತ, ಜ್ವರ, ಮತ್ತೆ ಆಸ್ಪತ್ರೆ.

"ಅದೇನು ತಲೆ ಬಾಚೋ ಸಾಮಾನಾ?" ಎಂದು ನರ್ಸ್ ಬೈದು, ತೊಳೆಯುವುದನ್ನು ಮೊದಲಿನಿಂದ ಕಲಿಸಿ ಕಳಿಸಿದಳು.

ಅಂಗಡಿಗೆ ಮರಳಿದ ದಿನ ಅವನು ಹಿಂದಿನ ಕೋಣೆಯಲ್ಲಿದ್ದಾಗ ಹಳೆಯ ಗಿರಾಕಿಯಾದ ದರ್ಜಿ ಬಂದ. ಬಾಗಿಲಾಚೆಯ ಮಾತು ಒಳಗೆ ಕೇಳುತ್ತಿತ್ತು.

"ನೀನೇ ಮುಗಿಸಿಬಿಡಪ್ಪ, ಅರ್ಜೆಂಟಿದೆ."

"ಇಲ್ಲ ಯಜಮಾನ್ರೇ, ನೀವು ಭಾವನ ಗಿರಾಕಿ. ಕೂತಿರಿ, ಬಂದೇಬಿಡ್ತಾರೆ. ಅವರು ಆಸ್ಪತ್ರೇಲಿದ್ದಾಗಲೂ ನಿಮ್ಮ ತಲೆ ಮುಟ್ಟಿದೀನಾ ನಾನು?"

"ಅದಕ್ಕೇ ನೋಡು, ಕರಡಿ ಆಗಿದೀನಿ!"

ಒಳ್ಳೆಯತನದಲ್ಲೂ ಈ ಹುಡುಗ ತನ್ನನ್ನು ಹಿಂದೆ ಹಾಕಿದನಲ್ಲ ಎಂದು ಅವನಿಗೆ ಹೊಸ ಕಿಚ್ಚು ಹತ್ತಿತಂತೆ. ಅವನ ಹೆಂಡತಿಯೇ ನಗುತ್ತಾ ನನಗೆ ಹೇಳಿದ್ದು.

ಅವನು ಬಾಗಿಲನ್ನು ಒಂದಿಷ್ಟೇ ತೆರೆದ.

"ಲೋ, ಅವರಿಗೆ ನೀನೇ ಬಟ್ಟೆ ಕಟ್ಟೋ. ನನಗೆ ಹೊತ್ತಾಗುತ್ತೆ, ಇನ್ನೂ ನಳಿಕೆ ತೊಳೀಬೇಕು," ಎಂದು ಇಡೀ ಅಂಗಡಿಗೆ ಕೇಳುವಂತೆ ಕೂಗಿ, ನಲ್ಲಿ ತಿರುಗಿಸಿದ.