ಹಿಡಕಲ್ ನೀರಿನ ಮೇಲೆ ಬಸು

ಹಿಡಕಲ್ ಜಲಾಶಯದ ನೀರನ್ನು ಸೀಳಿಕೊಂಡು ಮನುಷ್ಯನೊಬ್ಬ ಮೇಲೆದ್ದು, ಮಾಳಿಗೆ ಮನೆಯೆತ್ತರದಲ್ಲಿ ಗಾಳಿಯಲ್ಲೇ ನಿಂತುಬಿಟ್ಟ. ಅವನ ಕಾಲಡಿಯ ಎರಡು ಕೊಳವೆಗಳಿಂದ ನೀರು ರಭಸವಾಗಿ ಕೆಳಕ್ಕೆ ಚಿಮ್ಮುತ್ತಿತ್ತು. ಹುಕ್ಕೇರಿಯ ಬೀಗರ ಮನೆಯಿಂದ ಮೂಡಲಗಿಗೆ ಹೊರಟಿದ್ದ ನಾನು ದಂಡೆಯಲ್ಲಿ ಬಾಯಿ ತೆರೆದು ನಿಂತಿದ್ದೆ.

ಅವನು ದಡಕ್ಕೆ ಬಂದು ಹೆಲ್ಮೆಟ್ ತೆಗೆದಾಗ ಕಂಡದ್ದು ಪೂರ್ತಿ ನೆರೆತ ತಲೆ. ನಮ್ಮ ಮಮದಾಪುರದ ಬಸು! ಕಾಲೇಜಿನಲ್ಲಿದ್ದಾಗ ಈಜು ಪಂದ್ಯಗಳಲ್ಲಿ ನನ್ನನ್ನು ಪ್ರತಿಸಲ ಹಿಂದೆ ಹಾಕುತ್ತಿದ್ದ ಗೆಳೆಯ. ಆಮೇಲೆ ಗೋವೆಯ ಕಡಲಲ್ಲಿ ವಾಟರ್ ಸ್ಕೂಟರ್ ರೇಸಿಗೂ ಇಳಿದಿದ್ದನಂತೆ. ಈ ಹಾರುವ ಯಂತ್ರವೂ ಅವನೇ ಮಾಡಿದ್ದು.

ಈ ಹುಚ್ಚು ಅವನಿಗೆ ಕಾಲೇಜಿನ ದಿನಗಳಲ್ಲೇ ಇತ್ತು. ಒಮ್ಮೆ ಮೊಪೆಡ್ಡಿನ ಎಂಜಿನ್ನಿಗೆ ಫ್ಯಾನು ಜೋಡಿಸಿ, ಬೆನ್ನಿಗೆ ಬಿಗಿದುಕೊಂಡು ಘಟಪ್ರಭೆಯ ದಂಡೆಯಿಂದ ಹಾರಲು ಹೋಗಿ, ಗೇಣೂ ಏಳದೆ ನೀರಿಗೆ ಬಿದ್ದಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಮೇಲೆ ಅವನಿಗೆ ಮುಖ ತೋರಿಸಲು ನಾಚಿಕೆಯಾಗಿ ದೂರವೇ ಉಳಿದೆ.

"ಅವತ್ತ ನಾ ಭಾಳ ನಕ್ಕಿದ್ದೆ, ಬಸು," ಎಂದೆ.

ಅವನು ಒದ್ದೆ ಕೈಯಿಂದ ನನ್ನ ಕೈ ಹಿಡಿದುಕೊಂಡ. "ನಕ್ಕಾವ್ರು ಎಲ್ಲಾರೂ. ನಕ್ಕೋತ ನಕ್ಕೋತ ಹೊಳಿಗೆ ಜಿಗದು ನನ್ನ ಎಳಕೊಂಡು ಬಂದಾವ ನೀ ಒಬ್ಬನ. ಆ ಎಂಜಿನ್ ಭಾರಕ್ಕ ನಾ ಮುಳಗೇ ಹೋಗ್ತಿದ್ನೋ ಮಾರಾಯಾ."

ನಾನು ತಮಾಷೆಗೆಂದೇ ಜಿಗಿದಿದ್ದೆ; ಅವನು ಮುಳುಗುತ್ತಿದ್ದನೆಂದು ನನಗೆ ಅಂದು ಹೊಳೆದೇ ಇರಲಿಲ್ಲ. ಘಟಪ್ರಭೆಯ ಮೇಲಿನ ಲೋಳಸೂರ ಸೇತುವೆ ದಾಟುವಾಗಲೆಲ್ಲ ಹೊಳೆಯ ಕಡೆ ನೋಡದೆ ಮುಖ ತಿರುಗಿಸುತ್ತಿದ್ದ ನಾನು, ಬಸುವನ್ನು ಕಂಡು ಊರಿಗೆ ಮರಳುವಾಗ ಬಸ್ಸಿನ ಕಿಟಕಿಗೆ ಹಣೆಯಿಟ್ಟು ಕಣ್ತುಂಬ ನೋಡಿದೆ.