ಯಕೃತ್ತಿನ ಹಿಂದೆ ಬಿಟ್ಟ ಬಟ್ಟೆ

ನಮ್ಮ ಸರ್ಜನ್ ಸಾಹೇಬರು ಕನ್ನಡಕದ ಎರಡೂ ಕಡ್ಡಿಗಳಿಗೆ ಗಾಯ ಹೊಲಿಯುವ ಕಪ್ಪು ರೇಷ್ಮೆ ದಾರ ಕಟ್ಟಿ, ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು. ಆಪರೇಷನ್ ಮಾಡುವಾಗ ಬಗ್ಗಿದರೆ ಜಾರಬಾರದು ಎಂದು ಶುರುವಾದದ್ದು ಅದು. ಆಮೇಲಾಮೇಲೆ ಮದುವೆ ಮನೆಗೂ ಅದೇ ಗಂಟಿನೊಡನೆ ಬರತೊಡಗಿದರು.

ನವಲಗುಂದದ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಅರಿವಳಿಕೆ ಕೊಡುವವಳು, ಅವರು ಕೊಯ್ಯುವವರು. ನಡುವೆ ಒಂದು ಹಸಿರು ಪರದೆ. ಅದರ ಮೇಲಿಂದ ಇಣುಕಿ, ಏನಿದು, ಯಾಕೆ ಹಾಗೆ ಮಾಡಿದಿರಿ ಎಂದು ಕೇಳುವುದು ನನ್ನ ಚಟ. ಬೇರೆ ಸರ್ಜನ್‌ಗಳು ಸಿಡುಕುತ್ತಿದ್ದರು. ಇವರು ಕುಂದಗೋಳ ಕಡೆಯ ರೈತ ಮನೆತನದವರು. ಮೆಣಸಿನಕಾಯಿ ಬೆಳೆಯ ಮಾತು ಅರ್ಧಕ್ಕೇ ಬಿಟ್ಟು ಉತ್ತರ ಹೇಳುತ್ತಿದ್ದರು. ನನಗಿಂತ ಎಷ್ಟೋ ದೊಡ್ಡವರು, ಆದರೂ ಚೇಷ್ಟೆಗೆ ನನ್ನನ್ನು ಕರೆಯುವುದು "ಅಕ್ಕಾರ" ಎಂದೇ.

ಯಕೃತ್ತಿನ ಆಪರೇಷನ್ ಎಂದರೆ ಪಳಗಿದ ಸರ್ಜನ್‌ಗಳಿಗೂ ಎದೆ ಹೊಡೆದುಕೊಳ್ಳುತ್ತದೆ. ಮೈತುಂಬ ರಕ್ತ ಇಟ್ಟುಕೊಂಡ ಮೆತ್ತನೆಯ ಅಂಗ ಅದು. ಹರಿದಿದೆ ಎಂದು ಹೊಲಿಯಲು ಹೋದರೆ ದಾರವೇ ಇನ್ನಷ್ಟು ಹರಿದುಬಿಡುತ್ತದೆ. ಸಾಹೇಬರು ಹೊಟ್ಟೆ ತೆರೆದ ಕೂಡಲೇ ಸೂಜಿ ಕೇಳುತ್ತಿರಲಿಲ್ಲ. ಎರಡೂ ಅಂಗೈಯಿಂದ ಯಕೃತ್ತನ್ನು ಒತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಅದಕ್ಕೆ ರಕ್ತ ತರುವ ನಾಳಗಳನ್ನು ಎರಡು ಬೆರಳ ನಡುವೆ ಚಿವುಟಿ ಹಿಡಿಯುತ್ತಿದ್ದರು. "ರಕ್ತದ ಬೆನ್ನ ಹತ್ತಬಾರದ್ರಿ ಅಕ್ಕಾರ, ಅದು ಬರೂ ದಾರಿ ಹಿಡೀಬೇಕು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮೊರಬದ ಹತ್ತಿರ ಕೂಲಿ ಹೆಂಗಸರಿದ್ದ ಟ್ರ್ಯಾಕ್ಟರ್ ಟ್ರೇಲರ್ ಮಗುಚಿತು. ಉಳಿದವರಿಗೆ ತರಚು ಗಾಯ. ಒಬ್ಬಳಿಗೆ ಮಾತ್ರ ಮೈಮೇಲೆ ಏನೂ ಕಾಣುತ್ತಿರಲಿಲ್ಲ, ಆದರೆ ಹೊಟ್ಟೆ ಉಬ್ಬಿತ್ತು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಹುಬ್ಬಳ್ಳಿ ಮುಟ್ಟುವಷ್ಟು ಜೀವ ಅವಳಲ್ಲಿರಲಿಲ್ಲ. ಸಾಹೇಬರು ಅಲ್ಲೇ ತೆರೆದರು. ಒತ್ತಿದರು, ನಾಳ ಚಿವುಟಿದರು. ಮುಂಭಾಗದಲ್ಲಿ ನಿಂತ ರಕ್ತ ಯಕೃತ್ತಿನ ಹಿಂದಿನಿಂದ ಬರುತ್ತಲೇ ಇತ್ತು. ಬಟ್ಟೆಯ ದಪ್ಪ ಮಡಿಕೆಗಳನ್ನು ಅದರ ಸುತ್ತ ಬಿಗಿಯಾಗಿ ಒತ್ತಿ ತುಂಬಿದರು. ಆಗ ಕಡಿಮೆಯಾಯಿತು. ಬಟ್ಟೆ ತೆಗೆದು ಹೊಲಿದೇ ಬಿಡೋಣವೆಂದು ಸೂಜಿ ಕೈಗೆ ತೆಗೆದುಕೊಂಡರು. ನನಗೆ ಈ ಕಡೆ ಅಂಜಿಕೆ ಹತ್ತಿತ್ತು. ಅವಳ ಮೈ ತಣ್ಣಗಾಗುತ್ತಿತ್ತು, ಸೋರಿದ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಅಷ್ಟನ್ನು ಹೇಳಿ, ಇನ್ನು ಸಾಕು ಎಂದೆ.

ಅವರು ಸೂಜಿಯನ್ನು ತಟ್ಟೆಗೆ ಇಟ್ಟುಬಿಟ್ಟರು. "ನೀವು ಅಂದ್ರ ಮುಗೀತ್ರಿ. ಇಲ್ಲಿಗೆ ಬಿಡೂಣು." ಬಟ್ಟೆ ಒಳಗೇ ಬಿಟ್ಟು ಹೊಟ್ಟೆ ಮುಚ್ಚಿದರು.

ಡಾಕ್ಟರು ಹೊಟ್ಟೆಯಲ್ಲಿ ಅರಿವೆ ಬಿಟ್ಟರೆಂಬ ಸುದ್ದಿ ಹಬ್ಬಿದರೆ ನಮ್ಮ ಕಡೆ ಊರಿಗೆ ಊರೇ ಟೆಂಪೋ ಹತ್ತಿ ಜಗಳಕ್ಕೆ ಬರುತ್ತದೆ. ನಾನಾಗಿದ್ದರೆ ಮಾತು ತೇಲಿಸುತ್ತಿದ್ದೆ. ಸಾಹೇಬರು ಹೊರಗೆ ಹೋಗಿ, ಅವಳ ಗಂಡನ ಬಾಜು ಬೆಂಚಿನ ಮೇಲೆ ಕುಳಿತು, ಹೆಂಡತಿಯ ಹೊಟ್ಟೆಯಲ್ಲಿ ಅರಿವೆ ಇದೆ, ಬೇಕೆಂದೇ ಬಿಟ್ಟಿದ್ದೇನೆ, ಕೆಲವು ದಿನ ಬಿಟ್ಟು ಹುಬ್ಬಳ್ಳಿಯಲ್ಲಿ ತೆಗೆಯಬೇಕು ಎಂದು ಹೇಳಿಬಿಟ್ಟರು. ಅವನ ಮುಖ ಬಿಗಿಯಿತು.

"ಕಾಲವಿ ಒಡ್ಡು ಒಡದಾಗ ಏನ್ ಮಾಡ್ತೀ ತಮ್ಮಾ?"

"ಉಸುಕಿನ ಚೀಲ ಒಟ್ಟತೀವ್ರಿ."

"ನೀರು ನಿಂತ ಕೂಡ್ಲೆ ಚೀಲ ಕಿತ್ತು ನೋಡ್ತೀಯೇನು?"

"ಇಲ್ರಿ. ಮಣ್ಣು ಕೂಡಬೇಕ್ರಿ." ಹುಬ್ಬಳ್ಳಿಗೆ ಹೊರಟ ಆಂಬ್ಯುಲೆನ್ಸ್‌ನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತವನು ಅವನೇ.

ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಅವಳ ಮೈ ಬೆಚ್ಚಗಾಯಿತು, ರಕ್ತ ಮತ್ತೆ ಹೆಪ್ಪುಗಟ್ಟತೊಡಗಿತು. ಬಟ್ಟೆ ತೆಗೆಯುವ ದಿನ ಅಲ್ಲಿನವರ ಒಪ್ಪಿಗೆ ಪಡೆದು ಸಾಹೇಬರೇ ನಿಂತರು. ನಾನೂ ಹೋಗಿದ್ದೆ, ಏನಾಗುತ್ತದೋ ನೋಡದೆ ಇರಲು ನನ್ನಿಂದ ಆಗಲಿಲ್ಲ. ಬೆಚ್ಚಗಿನ ಸಲೈನ್ ಹನಿಸಿ ಬಟ್ಟೆ ನೆನೆಸಿದರು, ಅಂಚು ಬಿಡಿಸಿ ಬಿಡಿಸಿ ಎತ್ತಿದರು. ಅಂದು ಮೆಣಸಿನಕಾಯಿಯ ಮಾತಿಲ್ಲ. ಯಕೃತ್ತಿನ ಹಿಂದಿದ್ದ ಬಟ್ಟೆ ಹೊರಗೆ ಬಂದಾಗ ಎಲ್ಲರೂ ಆ ಜಾಗವನ್ನೇ ನೋಡುತ್ತ ನಿಂತೆವು. ರಕ್ತ ಬರಲಿಲ್ಲ. ಇನ್ನು ಹೊಲಿಯುವುದಿಲ್ಲವೇ ಎಂದು ನಾನು ಕೇಳಿದೆ.

"ನಿಂತೈತಲ್ರಿ," ಎಂದರು. "ಯಾಕ ಕೆಣಕೂಣು?"

ಹೋದ ವರ್ಷ ಸಾಹೇಬರು ಮಲಗಿದಲ್ಲೇ ತೀರಿಕೊಂಡರು. ನನ್ನ ಒಂದು ಮಾತಿಗೆ ಸೂಜಿ ಕೆಳಗಿಟ್ಟ ಮೊದಲ ಸರ್ಜನ್ ಅವರು. ಈಗ ಯಾರ ಎದುರಿಗಾದರೂ ಸಾಕು ಎನ್ನುವ ಧೈರ್ಯ ನನಗಿದ್ದರೆ ಅದು ಅವರು ಕೊಟ್ಟದ್ದು. ಅವರನ್ನು ಮಲಗಿಸಿದ್ದ ಪಡಸಾಲೆಗೆ ಆ ಹೆಣ್ಣುಮಗಳೂ ಗಂಡನೊಡನೆ ಬಂದಿದ್ದಳು. ಹೆಂಗಸರ ನಡುವೆ ದಾರಿ ಮಾಡಿಕೊಂಡು ನನ್ನ ಬಾಜು ಕುಳಿತಳು. ಅತ್ತು ಅತ್ತು ಕಣ್ಣು ಒರೆಸಿಕೊಂಡ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು.

"ಬಾಯಾರ, ಅವತ್ತ ಅವರ ಕೈ ನನ್ನ ಹೊಟ್ಟ್ಯಾಗ ಎಷ್ಟೊತ್ತು ಇತ್ರಿ?"

ಅವಳ ನಾಡಿ, ಮೈ ಶಾಖ, ಕೊಟ್ಟ ರಕ್ತ ಎಲ್ಲ ನನಗೆ ಗೊತ್ತಿತ್ತು. ಇದೊಂದನ್ನು ನಾನೂ ಎಂದೂ ಕೇಳಿಕೊಂಡಿರಲಿಲ್ಲ. "ಬಾಳ ಹೊತ್ತವ್ವಾ," ಎಂದೆ. ಅವಳು ಸೆರಗಿನೊಳಗಿಂದ ಬಲ ಪಕ್ಕೆಯ ಕೆಳಗೆ ಅಂಗೈ ಇಟ್ಟುಕೊಂಡಳು. ಅವರನ್ನು ಎತ್ತಿಕೊಂಡು ಹೋಗುವವರೆಗೂ ತೆಗೆಯಲಿಲ್ಲ.